ಕಾಯಿಲೆಯ ಮಗು, ಕಡಲಾಚೆಯ ಮನೆ

2024ರ ಸೆಪ್ಟೆಂಬರ್ 5ರಂದು ಚೀನಾದ ವಿದೇಶಾಂಗ ಸಚಿವಾಲಯದ ವಕ್ತಾರೆ ಮಾವೊ ನಿಂಗ್ ಪತ್ರಕರ್ತರ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತ, ತಮ್ಮ ದೇಶದ ಮಕ್ಕಳನ್ನು ಇನ್ನು ವಿದೇಶಿಯರಿಗೆ ದತ್ತು ಕೊಡುವುದಿಲ್ಲ ಎಂದರು. ಹತ್ತಿರದ ರಕ್ತಸಂಬಂಧಿಗಳ ಮಕ್ಕಳು ಮತ್ತು ಮಲಮಕ್ಕಳು ಮಾತ್ರ ಇದಕ್ಕೆ ಹೊರತು. 1992ರಲ್ಲಿ ತೆರೆದ ಬಾಗಿಲು ಹೀಗೆ ಮುಚ್ಚಿತು. ಅಷ್ಟರೊಳಗೆ ಸುಮಾರು 1,60,000 ಚೀನೀ ಮಕ್ಕಳು ಹೊರದೇಶಗಳ ಮನೆ ಸೇರಿದ್ದರು. ಅವರಲ್ಲಿ 82,000ಕ್ಕೂ ಹೆಚ್ಚು ಮಂದಿ ಹೋದದ್ದು ಅಮೆರಿಕಕ್ಕೆ. ಆ ದಿನದ ಸುದ್ದಿ ಅಮೆರಿಕದ ಕೆಲವು ನೂರು ಕುಟುಂಬಗಳಿಗೆ ಸಿಡಿಲಿನಂತೆ ಬಡಿಯಿತು. ಇಂಥ ಮಗು ನಿಮ್ಮದಾಗಲಿದೆ ಎಂದು ಅವರಿಗೆ ಕೋವಿಡ್‌ಗೆ ಮೊದಲೇ ಕಾಗದ ಬಂದಿತ್ತು. 2020ರಲ್ಲಿ ಪ್ರಯಾಣ ನಿಂತ ಮೇಲೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಅವರು ಮಗುವಿನ ಫೋಟೊ ನೋಡಿಕೊಂಡು ಕಾದಿದ್ದರು.

ಕಾದಿದ್ದವರು ಯಾರು, ಅವರು ಕಾದಿದ್ದ ಮಕ್ಕಳು ಯಾರು ಎಂದು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಆ ಮಕ್ಕಳಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಒಂದಲ್ಲ ಒಂದು ಆರೋಗ್ಯದ ತೊಂದರೆಯಿತ್ತು. ಕೆಲವರಿಗೆ ಹೃದಯದಲ್ಲಿ ತೂತು, ಕೆಲವರಿಗೆ ಸೀಳುತುಟಿ, ಇನ್ನು ಕೆಲವರಿಗೆ ಬೆನ್ನುಹುರಿಯ ದೋಷ, ಡೌನ್ ಸಿಂಡ್ರೋಮ್, ಥಲಸೇಮಿಯಾ. ಅವರಿಗಾಗಿ ಕಾದಿದ್ದ ಕುಟುಂಬಗಳಲ್ಲಿ ದೊಡ್ಡ ಪಾಲು ಭಕ್ತ ಕ್ರೈಸ್ತರದ್ದು, ಅದರಲ್ಲೂ ಇವ್ಯಾಂಜೆಲಿಕಲ್ ಸಭೆಗಳಿಗೆ ಸೇರಿದವರದ್ದು. ಸ್ವಂತ ಮಕ್ಕಳಿದ್ದೂ, ಕೈಯಲ್ಲಿ ಹೆಚ್ಚು ಹಣವಿಲ್ಲದೆಯೂ, ವೈದ್ಯಕೀಯ ಕಡತ ಓದಿ ತಿಳಿದ ಮೇಲೂ, ಇದು ದೇವರ ಕರೆ ಎಂದು ಹೊರಟವರು ಅವರು.

ಈ ನಂಬಿಕೆ ಮಕ್ಕಳಿಗೆ ಒಳ್ಳೆಯದು ಮಾಡಿತೇ? ಹಲವು ಮಕ್ಕಳಿಗೆ ಅದು ಜೀವವನ್ನೇ ಕೊಟ್ಟಿತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಮಗುವನ್ನು ಅಷ್ಟು ಪ್ರೀತಿಯಿಂದ ಎತ್ತಿಕೊಂಡವರು ಆ ಮಗುವನ್ನು ಹೆತ್ತವಳನ್ನು ಬಹಳ ಕಾಲ ನೋಡಲಿಲ್ಲ. ಈ ಇಡೀ ಚರಿತ್ರೆಯ ಸಂಕಟವಿರುವುದು ಅಲ್ಲಿ ಎಂದು ನನಗನಿಸುತ್ತದೆ.

ಕಥೆ ಕೊರಿಯಾದಿಂದ ಶುರುವಾಗುತ್ತದೆ. ಅಮೆರಿಕದ ಒರೆಗನ್ ರಾಜ್ಯದ ಕ್ರೆಸ್‌ವೆಲ್ ಎಂಬ ಊರಿನ ರೈತ ಹ್ಯಾರಿ ಹೋಲ್ಟ್, ಅವರ ಹೆಂಡತಿ ಬರ್ಥಾ. ಆರು ಮಕ್ಕಳ ತಂದೆತಾಯಿ. ವರ್ಲ್ಡ್ ವಿಷನ್ ಸಂಸ್ಥೆಯ ಬಾಬ್ ಪಿಯರ್ಸ್ ತೋರಿಸಿದ ಚಿತ್ರವೊಂದರಲ್ಲಿ ಕೊರಿಯಾ ಯುದ್ಧದ ಅನಾಥ ಮಕ್ಕಳನ್ನು ನೋಡಿ ಅವರ ಮನಸ್ಸು ಕಲಕಿತು. ಆ ಮಕ್ಕಳಲ್ಲಿ ಹಲವರು ಅಮೆರಿಕದ ಸೈನಿಕರಿಗೆ ಹುಟ್ಟಿದವರು. ಕೊರಿಯಾದ ಸಮಾಜ ಅವರನ್ನು ತನ್ನವರೆಂದು ಒಪ್ಪುತ್ತಿರಲಿಲ್ಲ. ಎಂಟು ಮಕ್ಕಳನ್ನು ಕರೆತರಲು ದಂಪತಿ ತೀರ್ಮಾನಿಸಿದರು. ಒಂದು ಕುಟುಂಬಕ್ಕೆ ಅಷ್ಟು ಮಕ್ಕಳನ್ನು ತರಲು ಆಗಿನ ಕಾನೂನಿನಲ್ಲಿ ಅವಕಾಶವಿಲ್ಲದ್ದರಿಂದ ಅಮೆರಿಕದ ಸಂಸತ್ತು 1955ರಲ್ಲಿ ಅವರಿಗಾಗಿಯೇ ವಿಶೇಷ ಕಾಯ್ದೆ ಮಾಡಿತು. ಮಕ್ಕಳು ವಿಮಾನದಿಂದಿಳಿದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ನಮಗೂ ಒಂದು ಮಗು ತಂದುಕೊಡಿ ಎಂದು ದೇಶದ ಮೂಲೆಮೂಲೆಯಿಂದ ಪತ್ರಗಳು ಬಂದವು. ಮರುವರ್ಷವೇ ಹೋಲ್ಟ್ ದಂಪತಿಯ ದತ್ತು ಸಂಸ್ಥೆ ಹುಟ್ಟಿತು.

ಇದಕ್ಕೆ ಕೆಲವು ವರ್ಷ ಮೊದಲೇ, 1949ರಲ್ಲಿ, ಕಾದಂಬರಿಗಾರ್ತಿ ಪರ್ಲ್ ಬಕ್ ವೆಲ್‌ಕಮ್ ಹೌಸ್ ಎಂಬ ಸಂಸ್ಥೆ ಕಟ್ಟಿದ್ದರು. ಏಷ್ಯಾ ಮೂಲದ, ಮಿಶ್ರ ಜನಾಂಗದ ಮಕ್ಕಳಿಗೆ ಮನೆ ಸಿಗುವುದೇ ಇಲ್ಲ ಎಂದು ಇತರ ಸಂಸ್ಥೆಗಳು ಕೈಬಿಟ್ಟಿದ್ದ ಕಾಲ ಅದು. ಆದರೆ ಸಭೆಗಳನ್ನು ಅಲುಗಾಡಿಸಿದ್ದು ಹೋಲ್ಟರ ಉದಾಹರಣೆ. ದತ್ತು ಬಯಸುವವರಲ್ಲಿ ಹ್ಯಾರಿ ಹೋಲ್ಟ್ ಮುಖ್ಯವಾಗಿ ನೋಡುತ್ತಿದ್ದದ್ದು ಅವರು ಯೇಸುವಿನಲ್ಲಿ ದೃಢ ನಂಬಿಕೆಯುಳ್ಳವರೇ ಎಂಬುದನ್ನು. ಸಮಾಜಕಾರ್ಯಕರ್ತರ ವಿಚಾರಣೆ ಅವರಿಗೆ ಅಡ್ಡಿಯಾಗಿ ಕಂಡಿತು. ತಂದೆತಾಯಿ ಕೊರಿಯಾಕ್ಕೆ ಹೋಗದೆ, ಬೇರೊಬ್ಬರು ಅವರ ಪರವಾಗಿ ಸಹಿ ಹಾಕಿ ಮಗುವನ್ನು ಕಳಿಸುವ ಪದ್ಧತಿ ಬಂತು. ವೃತ್ತಿನಿರತ ಸಮಾಜಕಾರ್ಯಕರ್ತರು ಆಗಲೇ ಎಚ್ಚರಿಸಿದ್ದರು: ಮಗುವಿನ ಆರೋಗ್ಯ ಹೇಗಿದೆ, ಈ ಮನೆಯವರಿಗೆ ನೋಡಿಕೊಳ್ಳಲು ಸಾಧ್ಯವೇ ಎಂದು ಪರೀಕ್ಷಿಸದೆ ಜೋಡಿಸುವುದು ಅಪಾಯ ಎಂದು. ಆ ಎಚ್ಚರಿಕೆಗೆ ತಕ್ಕ ಬೆಲೆ ಸಿಗಲಿಲ್ಲ.

ಹೋಲ್ಟ್ ಮನೆತನದ ಇನ್ನೊಂದು ಕಥೆ ಅಷ್ಟಾಗಿ ಪ್ರಚಾರವಾಗಲಿಲ್ಲ. ನನಗೆ ಅದೇ ಹೆಚ್ಚು ಮುಖ್ಯವೆನಿಸುತ್ತದೆ. ಅಂಗವೈಕಲ್ಯದ ಕಾರಣಕ್ಕೆ ಯಾವ ಮನೆಯೂ ಸಿಗದ ಮಕ್ಕಳಿಗಾಗಿ ಸಿಯೋಲ್ ಬಳಿಯ ಇಲ್ಸಾನ್‌ನಲ್ಲಿ ಒಂದು ಆಶ್ರಯಧಾಮ ನಿಂತಿತು. ಹೋಲ್ಟರ ಮಗಳು ಮಾಲಿ, ದಾದಿಯಾಗಿ ತರಬೇತಾದವರು, 1956ರಲ್ಲಿ ಕೊರಿಯಾಕ್ಕೆ ಹೋದರು. ತಮ್ಮ ಬಾಳಿನ ಬಹುಭಾಗವನ್ನು ಅಲ್ಲಿಯೇ, ಆ ಮಕ್ಕಳ ನಡುವೆ ಕಳೆದರು. ಮಕ್ಕಳು ದೊಡ್ಡವರಾದರು, ಮಧ್ಯವಯಸ್ಸಿಗೆ ಬಂದರು. ಆಕೆ ಅವರೊಡನೆ ಮುದುಕಿಯಾಗಿ 2019ರಲ್ಲಿ ತೀರಿಕೊಂಡರು. ಒಂದೇ ಕುಟುಂಬದ ಒಂದೇ ನಂಬಿಕೆ ಎರಡು ದಾರಿ ಹಿಡಿಯಿತು. ಮಗುವನ್ನು ತನ್ನ ದೇಶಕ್ಕೆ ಕರೆದೊಯ್ಯುವುದು ಒಂದು, ಮಗುವಿನ ದೇಶಕ್ಕೆ ಹೋಗಿ ಅಲ್ಲಿ ಉಳಿಯುವುದು ಮತ್ತೊಂದು. ಮೊದಲನೆಯದನ್ನು ಸಾವಿರಾರು ಕುಟುಂಬಗಳು ಅನುಸರಿಸಿದವು. ಎರಡನೆಯದನ್ನು ಹಿಡಿದವರು ಬೆರಳೆಣಿಕೆಯವರು.

ಈ ಪ್ರವಾಹಕ್ಕೆ ದೇವಶಾಸ್ತ್ರದ ಬಲ ಬಂದದ್ದು ಬಹಳ ತಡವಾಗಿ, ಈ ಶತಮಾನದ ಮೊದಲ ದಶಕದಲ್ಲಿ. 2004ರಲ್ಲಿ ಅನಾಥರಿಗಾಗಿ ಕ್ರೈಸ್ತ ಒಕ್ಕೂಟವೊಂದು ರೂಪುಗೊಂಡಿತು. 2009ರಲ್ಲಿ ಅಮೆರಿಕದ ಅತಿ ದೊಡ್ಡ ಪ್ರಾಟೆಸ್ಟಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟ ದತ್ತು ಸ್ವೀಕಾರವನ್ನು ಪ್ರೋತ್ಸಾಹಿಸುವ ನಿರ್ಣಯ ಅಂಗೀಕರಿಸಿತು. ಅದೇ ವರ್ಷ, ರಷ್ಯಾದಿಂದ ಇಬ್ಬರು ಗಂಡುಮಕ್ಕಳನ್ನು ದತ್ತು ತಂದಿದ್ದ ದೇವಶಾಸ್ತ್ರಜ್ಞ ರಸೆಲ್ ಮೂರ್ ಅವರ 'ಅಡಾಪ್ಟೆಡ್ ಫಾರ್ ಲೈಫ್' ಪುಸ್ತಕ ಬಂತು. ವಾದ ಸರಳ: ರೋಮಾಪುರದವರಿಗೆ, ಎಫೆಸದವರಿಗೆ ಬರೆದ ಪತ್ರಗಳಲ್ಲಿ ಪೌಲನು ವಿಶ್ವಾಸಿಗಳನ್ನು ದೇವರು ದತ್ತಕ್ಕೆ ತೆಗೆದುಕೊಂಡ ಮಕ್ಕಳೆಂದು ಕರೆಯುತ್ತಾನೆ, ಹಾಗಿದ್ದಮೇಲೆ ದತ್ತು ಎಂಬುದು ಸುವಾರ್ತೆಯ ಕಣ್ಣಿಗೆ ಕಾಣುವ ರೂಪ. ಇದರ ಜೊತೆಗೆ ವೇದಿಕೆ ವೇದಿಕೆಯಲ್ಲಿ ಕೇಳಿಬಂದದ್ದು ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದ ಕೊನೆಯ ವಚನ. ದೇವರು ಮೆಚ್ಚುವ ಭಕ್ತಿ ಯಾವುದು ಎಂಬುದಕ್ಕೆ ಆ ವಚನ ಕಷ್ಟದಲ್ಲಿರುವ ಅನಾಥರ ಆರೈಕೆಯನ್ನು ಮುಂದಿಡುತ್ತದೆ. ಅನಾಥರ ಪಕ್ಕದಲ್ಲೇ, ಅದೇ ಉಸಿರಿನಲ್ಲಿ, ವಿಧವೆಯರ ಹೆಸರನ್ನೂ ಹೇಳುತ್ತದೆ. ಗಂಡನಿಲ್ಲದ, ಗತಿಯಿಲ್ಲದ ಹೆಂಗಸು ಮತ್ತು ತಂದೆಯಿಲ್ಲದ ಮಗು: ಹಳೆಯ ಇಸ್ರಾಯೇಲಿನಲ್ಲಿ ಇವರಿಬ್ಬರು ಎಷ್ಟೋ ಸಲ ಒಂದೇ ಮನೆಯ ತಾಯಿ ಮಕ್ಕಳು. ದತ್ತು ಆಂದೋಲನದ ಬ್ಯಾನರುಗಳಲ್ಲಿ ಮಗುವಿನ ಮುಖ ಉಳಿಯಿತು. ತಾಯಿ ಕಾಣೆಯಾದಳು.

ಇತ್ತ ದತ್ತಿಗೆ ಸಿಗುತ್ತಿದ್ದ ಮಕ್ಕಳೂ ಬದಲಾದರು. ತೊಂಬತ್ತರ ದಶಕದಲ್ಲಿ ಚೀನಾದಿಂದ ಬರುತ್ತಿದ್ದವರು ಬಹುಪಾಲು ಆರೋಗ್ಯವಂತ ಹೆಣ್ಣುಕೂಸುಗಳು. ಒಂದೇ ಮಗುವೆಂಬ ಸರ್ಕಾರಿ ನೀತಿ ಮತ್ತು ಗಂಡುಮಗುವಿನ ಹಂಬಲ ಸೇರಿ ಅವರನ್ನು ಬೀದಿಗೆ ತಂದಿದ್ದವು. 2005ರಲ್ಲಿ ಸುಮಾರು 7,900 ಚೀನೀ ಮಕ್ಕಳು ಅಮೆರಿಕ ಸೇರಿದರು, ಅದೇ ಉತ್ತುಂಗ. ಆಮೇಲೆ ದೇಶದೊಳಗೇ ದತ್ತು ಪಡೆಯುವವರು ಹೆಚ್ಚಿದರು, ಹೆಣ್ಣುಮಕ್ಕಳನ್ನು ತೊರೆಯುವುದು ಕಡಿಮೆಯಾಯಿತು. ಆರೋಗ್ಯವಂತ ಕೂಸಿಗಾಗಿ ಕಾಯುವ ಸರದಿ ವರ್ಷಗಟ್ಟಲೆ ಬೆಳೆಯಿತು. ಅನಾಥಾಲಯಗಳಲ್ಲಿ ಉಳಿದವರು ಕಾಯಿಲೆಯ ಮಕ್ಕಳು. ಅವರಿಗೆ ಬೇರೆಯೇ ಒಂದು ಪಟ್ಟಿ, ಬೇಗ ಸಾಗುವ ಸರದಿ. ಯಾವ ಯಾವ ತೊಂದರೆಯಿರುವ ಮಗುವನ್ನು ಒಪ್ಪುತ್ತೀರಿ ಎಂದು ಕೇಳುವ ಪಟ್ಟಿಯನ್ನು ದತ್ತು ಸಂಸ್ಥೆಗಳು ದಂಪತಿಗಳ ಮುಂದಿಡುತ್ತಿದ್ದವು. ಒಂದೊಂದು ಕಾಯಿಲೆಯ ಹೆಸರಿನ ಮುಂದೆ ಹೌದು, ಇಲ್ಲ, ನೋಡೋಣ ಎಂದು ಗುರುತು ಹಾಕಬೇಕು. ಅದಕ್ಕಾಗಿ ರಾತ್ರಿಯೆಲ್ಲ ಪ್ರಾರ್ಥಿಸಿದ ದಂಪತಿಗಳಿದ್ದಾರೆ. 'ಇಲ್ಲ' ಎಂದು ಗುರುತು ಹಾಕಿದ್ದಕ್ಕೆ ವರ್ಷಗಳ ಕಾಲ ಪಾಪಪ್ರಜ್ಞೆ ಹೊತ್ತವರೂ ಇದ್ದಾರೆ.

ಆಮೇಲೆ ಬರುವುದು ಕಡತ. ಕೆಲವು ಫೋಟೊ, ತೂಕ, ಎತ್ತರ, ತಲೆಯ ಸುತ್ತಳತೆ, ರಕ್ತಪರೀಕ್ಷೆ, ಒಂದೆರಡು ಸಾಲಿನ ಸ್ವಭಾವವರ್ಣನೆ. ಇಂಥ ಕಡತಗಳನ್ನು ಓದಿ ಅರ್ಥ ಹೇಳುವುದೇ ಒಂದು ವೈದ್ಯಕೀಯ ವಿಭಾಗವಾಯಿತು. ಡಾ. ಡೇನಾ ಜಾನ್ಸನ್ 1986ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ವಿದೇಶಿ ದತ್ತು ಮಕ್ಕಳಿಗೆಂದೇ ಕ್ಲಿನಿಕ್ ತೆರೆದರು. ಅಂಥದ್ದು ಅದೇ ಮೊದಲು. ಅನಾಥಾಲಯದಲ್ಲಿ ಕಳೆದ ಸುಮಾರು ಮೂರು ತಿಂಗಳಿಗೆ ಒಂದು ತಿಂಗಳ ಎತ್ತರದ ಬೆಳವಣಿಗೆ ಮಗುವಿಗೆ ನಷ್ಟವಾಗುತ್ತದೆ ಎಂಬ ಲೆಕ್ಕ ಇಂಥ ಕ್ಲಿನಿಕ್ಕುಗಳ ಅನುಭವದಿಂದ ಬಂದದ್ದು. ಊಟ ಸಾಲದೆ ಮಾತ್ರ ಆಗುವ ನಷ್ಟವಲ್ಲ ಅದು. ಎತ್ತಿಕೊಳ್ಳುವ ಕೈಗಳಿಲ್ಲದಿದ್ದರೂ ಮಗು ಬೆಳೆಯುವುದಿಲ್ಲ.

ಕಡತದಲ್ಲಿ ಸಣ್ಣದಾಗಿ ಕಾಣುವ ಕಾಯಿಲೆ ಮನೆಯಲ್ಲಿ ಸಣ್ಣದಾಗಿ ಉಳಿಯುವುದಿಲ್ಲ. ಸೀಳುತುಟಿಯನ್ನೇ ನೋಡಿ. ಒಂದು ಶಸ್ತ್ರಚಿಕಿತ್ಸೆ ಮಾಡಿದರೆ ಮುಗಿಯಿತು ಎಂದುಕೊಂಡು ಹಲವರು ಅದಕ್ಕೆ 'ಹೌದು' ಎನ್ನುತ್ತಾರೆ. ತುಟಿಯನ್ನು ಹುಟ್ಟಿದ ಮೂರರಿಂದ ಆರು ತಿಂಗಳೊಳಗೆ, ಅಂಗುಳನ್ನು ಒಂದು ಒಂದೂವರೆ ವರ್ಷದೊಳಗೆ ಸರಿಪಡಿಸಬೇಕು. ಮಗು ಮಾತು ಕಲಿಯುವ ಮೊದಲು ಅಂಗುಳು ಮುಚ್ಚಬೇಕು ಎಂಬುದು ಅದರ ಹಿಂದಿನ ಕಾರಣ. ಅನಾಥಾಲಯದ ಮಗು ಮೂರು ವರ್ಷಕ್ಕೆ, ತೆರೆದ ಅಂಗುಳಿನೊಡನೆ, ಬೇರೊಂದು ಭಾಷೆಯೊಡನೆ ಬರುತ್ತದೆ. ಕಿವಿಯಲ್ಲಿ ನೀರು ತುಂಬಿ ಕೇಳಿಸುವುದು ಕಡಿಮೆ. ಶಸ್ತ್ರಚಿಕಿತ್ಸೆಯ ನಂತರ ವರ್ಷಗಟ್ಟಲೆ ಮಾತಿನ ತರಬೇತಿ ಬೇಕು. ಎಂಟು ಹತ್ತರ ವಯಸ್ಸಿಗೆ ವಸಡಿನ ಸೀಳಿಗೆ ಸೊಂಟದ ಮೂಳೆಯಿಂದ ತೆಗೆದ ಚೂರು ಕೂರಿಸಬೇಕು. ದವಡೆ ಸರಿಪಡಿಸುವ ಚಿಕಿತ್ಸೆ ಹದಿಹರೆಯದ ಕೊನೆಗೆ. ಹೀಗೆ ಒಂದು ಸೀಳುತುಟಿ ಇಡೀ ಬಾಲ್ಯದ ಉದ್ದಕ್ಕೂ ನಡೆಯುತ್ತದೆ.

ಬೆನ್ನುಹುರಿ ಪೂರ್ತಿ ಮುಚ್ಚದೆ ಹುಟ್ಟಿದ ಮಕ್ಕಳದ್ದು ಇನ್ನೂ ಕಠಿಣ. ಹಲವರಿಗೆ ಮೂತ್ರ ತಾನಾಗಿ ಹೊರಹೋಗುವುದಿಲ್ಲ. ದಿನಕ್ಕೆ ನಾಲ್ಕಾರು ಸಲ ಸಣ್ಣ ಕೊಳವೆ ಹಾಕಿ ತೆಗೆಯಬೇಕು. ಅನಾಥಾಲಯದಲ್ಲಿ ಅದನ್ನು ಮಾಡುವವರಿಲ್ಲದೆ ಕೆಲವು ಮಕ್ಕಳ ಮೂತ್ರಪಿಂಡ ದತ್ತಾಗುವ ಹೊತ್ತಿಗಾಗಲೇ ಕೆಟ್ಟಿರುತ್ತದೆ. ಹೃದಯದ ತೂತು ಸಕಾಲದಲ್ಲಿ ಮುಚ್ಚದಿದ್ದರೆ ಶ್ವಾಸಕೋಶದ ರಕ್ತನಾಳಗಳ ಒತ್ತಡ ಏರಿ, ಆಮೇಲೆ ಶಸ್ತ್ರಚಿಕಿತ್ಸೆಯೇ ಸಾಧ್ಯವಾಗದ ಸ್ಥಿತಿ ಬರುತ್ತದೆ. ಅಂಥ ಮಗುವಿಗೆ ಉಳಿದಿರುವುದು ಕೆಲವೇ ವರ್ಷ ಎಂದು ತಿಳಿದೂ, ಅಷ್ಟು ದಿನವಾದರೂ ಅದಕ್ಕೊಂದು ಮನೆಯಿರಲಿ ಎಂದು ಮನೆಗೆ ತಂದ ಕುಟುಂಬಗಳಿವೆ. ಅಲ್ಲಿ ನಂಬಿಕೆಯ ನಿಜವಾದ ಬಲ ಕಾಣುತ್ತದೆ. ಟೀಕಾಕಾರರು ಈ ಮನೆಗಳತ್ತ ಸಾಕಷ್ಟು ನೋಡಿಲ್ಲ.

ರಕ್ತದ ಕಾಯಿಲೆಯಾದ ಥಲಸೇಮಿಯಾ ದತ್ತಿನ ಒಂದು ಮೂಲಭೂತ ಪ್ರಶ್ನೆಯನ್ನೇ ಎದುರಿಗೆ ತಂದು ನಿಲ್ಲಿಸುತ್ತದೆ. ದಕ್ಷಿಣ ಚೀನಾದಲ್ಲಿ, ಅದರಲ್ಲೂ ಗ್ವಾಂಗ್ಸಿ ಮತ್ತು ಗ್ವಾಂಗ್‌ಡಾಂಗ್ ಪ್ರಾಂತ್ಯಗಳಲ್ಲಿ ಇದು ಹೆಚ್ಚು. ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಬೇಕು. ಹಾಗೆ ಕೊಟ್ಟ ರಕ್ತದಿಂದ ಮೈಯಲ್ಲಿ ಸೇರುವ ಕಬ್ಬಿಣವನ್ನು ಔಷಧದಿಂದ ತೆಗೆಯುತ್ತಿರಬೇಕು. ಪೂರ್ತಿ ಗುಣವಾಗಲು ಬಹುಕಾಲ ಇದ್ದ ದಾರಿ ಅಸ್ಥಿಮಜ್ಜೆಯ ಕಸಿ ಒಂದೇ. ಅದಕ್ಕೆ ಅತ್ಯುತ್ತಮ ದಾನಿ ಒಡಹುಟ್ಟಿದವರು. ಒಬ್ಬ ಅಣ್ಣನೋ ತಂಗಿಯೋ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ದತ್ತು ಮಗುವಿನ ಒಡಹುಟ್ಟಿದವರು ಎಲ್ಲಿದ್ದಾರೆ? ಇದ್ದಾರೆಯೇ? ಹೊಸ ಮನೆಯ ಪ್ರೀತಿ ಎಷ್ಟೇ ಆಳವಾಗಿರಲಿ, ಆ ಮನೆಯವರ ಮಜ್ಜೆ ಹೊಂದುವುದು ಬಹುತೇಕ ಅಸಾಧ್ಯ. 2022ರ ಆಗಸ್ಟಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಥಲಸೇಮಿಯಾಕ್ಕೆ ಜೀನ್ ಚಿಕಿತ್ಸೆಯೊಂದನ್ನು ಒಪ್ಪಿತು. ಅದು ಮಗುವಿನ ಸ್ವಂತ ಜೀವಕೋಶಗಳನ್ನೇ ತಿದ್ದಿ ಮರಳಿಸುತ್ತದೆ, ದಾನಿ ಬೇಕಿಲ್ಲ. ಆಗಿನ ಬೆಲೆ 28 ಲಕ್ಷ ಡಾಲರ್. ಅಮೆರಿಕದ ವಿಮೆ ಅದನ್ನು ಭರಿಸಬಹುದು. ಹೆತ್ತ ತಾಯಿಯ ಹಳ್ಳಿಯಲ್ಲಿ ಅದರ ಹೆಸರೂ ಗೊತ್ತಿಲ್ಲ.

ವಿಮೆಯ ಮಾತು ಬಂದದ್ದರಿಂದ ಹಣದ ಸಂಗತಿ ಹೇಳಿಬಿಡಬೇಕು. ವಿದೇಶಿ ದತ್ತಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ 30,000ದಿಂದ 50,000 ಡಾಲರ್ ಖರ್ಚು ಬೀಳುತ್ತದೆ. ಸರ್ಕಾರ ಆದಾಯ ತೆರಿಗೆಯಲ್ಲಿ ಒಂದಷ್ಟು ರಿಯಾಯಿತಿ ಕೊಡುತ್ತದೆ. ಸಭೆಗಳು ಹಳೆ ಸಾಮಾನು ಮಾರಿ, ಊಟ ಏರ್ಪಡಿಸಿ, ಟೀ ಶರ್ಟ್ ಮಾರಿ ಹಣ ಕೂಡಿಸುತ್ತವೆ. ಚೀನಾದ ಮೂವರು ಹೆಣ್ಣುಮಕ್ಕಳನ್ನು ದತ್ತು ಪಡೆದ ಕ್ರೈಸ್ತ ಗಾಯಕ ಸ್ಟೀವನ್ ಕರ್ಟಿಸ್ ಚಾಪ್ಮನ್ ಮತ್ತು ಅವರ ಪತ್ನಿ ಮೇರಿ ಬೆತ್ ಕಟ್ಟಿದ 'ಷೋ ಹೋಪ್' ಸಂಸ್ಥೆ ಸಾವಿರಾರು ಕುಟುಂಬಗಳಿಗೆ ಸಹಾಯಧನ ಕೊಟ್ಟಿದೆ. ಆ ಮೂವರಲ್ಲಿ ಕಿರಿಯಳು 2008ರಲ್ಲಿ ಅಪಘಾತದಲ್ಲಿ ತೀರಿಕೊಂಡ ಮೇಲೆ, ಅವಳ ಹೆಸರಿನಲ್ಲಿ ಚೀನಾದ ಲೊಯಾಂಗ್ ನಗರದಲ್ಲಿ ಕಾಯಿಲೆಯ ಅನಾಥ ಮಕ್ಕಳಿಗೆ ಒಂದು ಆರೈಕೆ ಕೇಂದ್ರ ಕಟ್ಟಿದರು. ಉದ್ಯೋಗದಾತರ ಆರೋಗ್ಯ ವಿಮೆಯಲ್ಲಿ ದತ್ತು ಮಗುವನ್ನು ಹಳೆಯ ಕಾಯಿಲೆಯ ನೆಪದಿಂದ ಹೊರಗಿಡಬಾರದು ಎಂದು 1993ರ ಒಕ್ಕೂಟ ಕಾನೂನು ಹೇಳುತ್ತದೆ. ಈ ಒಂದು ಕಾನೂನು ಇಲ್ಲದೆ ಇಷ್ಟು ಮಕ್ಕಳಿಗೆ ಶಸ್ತ್ರಚಿಕಿತ್ಸೆ ಆಗುತ್ತಿರಲಿಲ್ಲ. ನಂಬಿಕೆಯ ಹಿಂದೆ ಇಂಥ ನೆಲಗಟ್ಟೂ ಇತ್ತು ಎಂಬುದನ್ನು ಪ್ರಸಂಗಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ.

ದೇಹದ ಕಾಯಿಲೆಗಿಂತ ಗುರುತಿಸಲು ಕಷ್ಟವಾದದ್ದು ಅನಾಥಾಲಯ ಬಿಟ್ಟ ಗಾಯ. 2000ದ ಹೊತ್ತಿಗೆ ಬುಕಾರೆಸ್ಟಿನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಶುರುಮಾಡಿದ ಅಧ್ಯಯನ ಅನಾಥಾಲಯಗಳಲ್ಲಿದ್ದ 136 ಮಕ್ಕಳನ್ನು ಅನುಸರಿಸಿತು. ಅರ್ಧದಷ್ಟು ಮಕ್ಕಳು ಪೋಷಕ ಕುಟುಂಬಗಳಿಗೆ ಹೋದರು. ಎರಡು ವರ್ಷ ತುಂಬುವ ಮೊದಲು ಮನೆ ಸೇರಿದವರ ಬುದ್ಧಿಶಕ್ತಿ, ಬಾಂಧವ್ಯ ಎರಡೂ ಹೆಚ್ಚು ಸುಧಾರಿಸಿದವು. ತಡವಾದಷ್ಟೂ ಸುಧಾರಣೆ ಕಷ್ಟವಾಯಿತು. ಕಾಯಿಲೆಯ ಮಕ್ಕಳ ದತ್ತು ಸಾಮಾನ್ಯವಾಗಿ ಎರಡು ವರ್ಷದ ನಂತರವೇ ಆಗುವುದು. ಪ್ರೀತಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಬಂದ ತಂದೆತಾಯಿಗೆ, ತಬ್ಬಿಕೊಂಡರೆ ಕಚ್ಚುವ, ಊಟವನ್ನು ಹಾಸಿಗೆಯಡಿ ಬಚ್ಚಿಡುವ, ಅಪರಿಚಿತರ ಮಡಿಲಿಗೂ ಹೋಗಿ ಕೂರುವ ಮಗು ಎದುರಾಯಿತು. ಟೆಕ್ಸಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕ್ಯಾರಿನ್ ಪರ್ವಿಸ್ ಇಂಥ ಮನೆಗಳಿಗೆ ಆಸರೆಯಾದರು. ಮಗುವಿನ ಹಠದ ಹಿಂದಿರುವುದು ಹೆದರಿಕೆ, ಶಿಕ್ಷೆ ಕೊಡುವ ಮೊದಲು ನಂಬಿಕೆ ಗಳಿಸಿ ಎಂಬುದು ಅವರ ಪಾಠ. ಮಗುವಿಗೆ ಬೆತ್ತದ ರುಚಿ ತೋರಿಸದಿದ್ದರೆ ಕೆಡುತ್ತದೆ ಎಂದು ಕಲಿತಿದ್ದ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಆ ಪಾಠ ನಿಜಕ್ಕೂ ಬದಲಾವಣೆ ತಂದಿತು. 2016ರಲ್ಲಿ ತೀರಿಕೊಳ್ಳುವವರೆಗೆ ಪರ್ವಿಸ್ ಅದನ್ನೇ ಕಲಿಸುತ್ತಿದ್ದರು.

ಎಲ್ಲ ಮನೆಗಳೂ ಕಲಿಯಲಿಲ್ಲ. 2010ರಲ್ಲಿ ಟೆನಿಸಿಯ ಮಹಿಳೆಯೊಬ್ಬರು ರಷ್ಯಾದಿಂದ ತಂದಿದ್ದ ಏಳು ವರ್ಷದ ದತ್ತುಮಗನನ್ನು ಒಂದು ಚೀಟಿಯೊಡನೆ ಒಂಟಿಯಾಗಿ ಮಾಸ್ಕೊಗೆ ವಿಮಾನ ಹತ್ತಿಸಿದರು. ಅಮೆರಿಕನ್ನರಿಗೆ ದತ್ತು ಕೊಡುವುದನ್ನು ರಷ್ಯಾ 2013ರಿಂದ ನಿಷೇಧಿಸಿತು. ಆ ನಿರ್ಧಾರದಲ್ಲಿ ರಾಜಕೀಯವೇ ಹೆಚ್ಚಿತ್ತು. ಅದಕ್ಕೆ ಬೆಲೆ ತೆತ್ತವರು ರಷ್ಯಾದ ಅನಾಥಾಲಯಗಳಲ್ಲಿದ್ದ ಅಂಗವಿಕಲ ಮಕ್ಕಳು. ಸಾಕಲಾಗದ ದತ್ತು ಮಕ್ಕಳನ್ನು ಯಾವ ಅಧಿಕಾರಿಗೂ ತಿಳಿಸದೆ ಅಪರಿಚಿತರಿಗೆ ದಾಟಿಸುವ ಜಾಲವನ್ನು ರಾಯಿಟರ್ಸ್ 2013ರಲ್ಲಿ ಬಯಲಿಗೆಳೆಯಿತು. 2017ರಲ್ಲಿ ಟೆಕ್ಸಸ್‌ನಲ್ಲಿ, ಬಿಹಾರದ ಅನಾಥಾಲಯದಿಂದ ಕೇರಳ ಮೂಲದ ಕ್ರೈಸ್ತ ದಂಪತಿ ದತ್ತು ತಂದಿದ್ದ ಮೂರು ವರ್ಷದ ಹೆಣ್ಣುಮಗು ಸತ್ತಿತು. ಅವಳಿಗೂ ವಿಶೇಷ ಅಗತ್ಯಗಳಿದ್ದವು. ಸಾಕುತಂದೆಗೆ ಜೀವಾವಧಿ ಶಿಕ್ಷೆಯಾಯಿತು. ಆ ಮಗುವಿನ ಸುದ್ದಿ ಓದಿ ಸಂಕಟಪಡದ ಭಾರತೀಯರಿರಲಿಕ್ಕಿಲ್ಲ. ಇಂಥ ಪ್ರಕರಣಗಳು ಒಟ್ಟು ದತ್ತುಗಳಲ್ಲಿ ಸಣ್ಣ ಪಾಲು ಎಂಬ ಸಮಾಧಾನ ಸರಿಯೇ. ಆದರೂ, ಸಾಕ್ಷಿ ಹೇಳಲು ಸಭೆಯ ಮುಂದೆ ನಿಲ್ಲಿಸಿದ ಕುಟುಂಬಕ್ಕೆ ತಾನು ಸೋಲುತ್ತಿದ್ದೇನೆ ಎಂದು ಅದೇ ಸಭೆಯೆದುರು ಒಪ್ಪಿಕೊಳ್ಳುವುದು ಬಹಳ ಕಷ್ಟ. ಆ ಮೌನದಲ್ಲಿ ಮಕ್ಕಳಿಗೆ ಅಪಾಯವಿದೆ.

ಈಗ ತಾಯಿಯ ಕಡೆ ಬರೋಣ. 2014ರ ಜನವರಿ ಕೊನೆಗೆ ಗ್ವಾಂಗ್‌ಝೌ ನಗರ ಬೇಡವಾದ ಕೂಸುಗಳನ್ನು ಸುರಕ್ಷಿತವಾಗಿ ಬಿಟ್ಟುಹೋಗಲು ಒಂದು ಪುಟ್ಟ ಕೋಣೆ ತೆರೆಯಿತು. ಒಳಗೆ ತೊಟ್ಟಿಲು, ಬೆಚ್ಚಗಿಡುವ ಪೆಟ್ಟಿಗೆ, ಗಂಟೆ. ಮಾರ್ಚ್ ಮಧ್ಯಕ್ಕೆ ಅದನ್ನು ಮುಚ್ಚಬೇಕಾಯಿತು. ಎರಡು ತಿಂಗಳೊಳಗೆ 262 ಮಕ್ಕಳು ಬಂದಿದ್ದರು. ಎಲ್ಲರಿಗೂ ಕಾಯಿಲೆ ಅಥವಾ ಅಂಗವೈಕಲ್ಯ. ಹೆಣ್ಣೆಂದು ಬಿಟ್ಟದ್ದಲ್ಲ, ಎರಡನೆಯ ಮಗುವೆಂದು ಬಿಟ್ಟದ್ದಲ್ಲ. ಆಸ್ಪತ್ರೆಯ ಖರ್ಚು ಭರಿಸಲಾಗದೆ, ಸರ್ಕಾರದ ಕೈಗೆ ಕೊಟ್ಟರೆ ಚಿಕಿತ್ಸೆಯಾದರೂ ಸಿಕ್ಕೀತು ಎಂಬ ಆಸೆಯಿಂದ ಬಿಟ್ಟವರೇ ಅವರಲ್ಲಿ ಎಷ್ಟೋ ಮಂದಿ. ಆ ಲೆಕ್ಕಾಚಾರ ತಪ್ಪೂ ಆಗಿರಲಿಲ್ಲ. 2004ರಿಂದ ಚೀನಾ ಸರ್ಕಾರ ಅನಾಥಾಲಯದ ಮಕ್ಕಳಿಗೆ ಉಚಿತ ಶಸ್ತ್ರಚಿಕಿತ್ಸೆಯ ಯೋಜನೆ ನಡೆಸುತ್ತಿತ್ತು. ತಾಯಿಯ ಮಡಿಲಲ್ಲಿದ್ದರೆ ಇಲ್ಲದ ಚಿಕಿತ್ಸೆ ಮಡಿಲು ಬಿಟ್ಟರೆ ಸಿಗುತ್ತಿತ್ತು. ಗ್ರಾಮೀಣ ಆರೋಗ್ಯ ವಿಮೆ ಬಂದು, 2010ರಿಂದ ಮಕ್ಕಳ ಹೃದಯರೋಗ ಮತ್ತು ರಕ್ತದ ಕ್ಯಾನ್ಸರಿಗೂ ಅದು ನಿಧಾನವಾಗಿ ವಿಸ್ತರಿಸಿದಂತೆ ಹೆತ್ತವರಿಗೆ ಬೇರೊಂದು ದಾರಿ ತೆರೆಯತೊಡಗಿತು.

ಹೆತ್ತ ತಾಯಿ ಮರೆಯಾಗುವ ಇನ್ನೊಂದು ಬಗೆಯನ್ನು ಒಳಗಿನಿಂದಲೇ ಕಂಡು ಹೇಳಿದವರು ಡೇವಿಡ್ ಸ್ಮೋಲಿನ್. ಅಲಬಾಮದ ಸ್ಯಾಮ್‌ಫರ್ಡ್ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ, ಭಕ್ತ ಕ್ರೈಸ್ತ. 1998ರಲ್ಲಿ ಅವರೂ ಪತ್ನಿಯೂ ಆಂಧ್ರಪ್ರದೇಶದಿಂದ ಅಕ್ಕತಂಗಿಯರಿಬ್ಬರನ್ನು ದತ್ತು ಪಡೆದರು. ಮನೆಗೆ ಬಂದ ಮೇಲೆ ತಿಳಿಯಿತು: ತಾಯಿ ಮಕ್ಕಳನ್ನು ಬಿಟ್ಟುಕೊಟ್ಟಿರಲೇ ಇಲ್ಲ, ತಾತ್ಕಾಲಿಕ ಆಶ್ರಯಕ್ಕೆಂದು ಸೇರಿಸಿದ್ದಳು. ಅವರು ಆ ತಾಯಿಯನ್ನು ಹುಡುಕಿಸಿದರು. ಅಕ್ರಮವಾಗಿ ಪಡೆದ ಮಗುವಿಗೆ ಕಾಗದಪತ್ರ ಹೊಂದಿಸಿ ಕಾನೂನುಬದ್ಧ ಅನಾಥವಾಗಿಸುವುದನ್ನು ಅವರು ಕಪ್ಪುಹಣ ಬಿಳಿ ಮಾಡುವ ದಂಧೆಗೆ ಹೋಲಿಸಿದರು, ಅಂದಿನಿಂದ ಇದರ ವಿರುದ್ಧ ಬರೆಯುತ್ತಲೇ ಇದ್ದಾರೆ. 2013ರಲ್ಲಿ ಕ್ಯಾಥರಿನ್ ಜಾಯ್ಸ್ ಬರೆದ 'ದಿ ಚೈಲ್ಡ್ ಕ್ಯಾಚರ್ಸ್' ಪುಸ್ತಕ ಇವ್ಯಾಂಜೆಲಿಕಲ್ ದತ್ತು ಆಂದೋಲನವನ್ನೇ ವಿಚಾರಣೆಗೆ ಒಡ್ಡಿತು. ಆ ಪುಸ್ತಕವನ್ನು ಬೈದವರು ಹಲವರು. ಆದರೆ ನಂತರದ ವರ್ಷಗಳಲ್ಲಿ ಅದೇ ಆಂದೋಲನದ ಸಂಸ್ಥೆಗಳು ಹೆತ್ತ ಕುಟುಂಬವನ್ನು ಉಳಿಸುವ ಮಾತು ಹೆಚ್ಚು ಹೆಚ್ಚು ಆಡತೊಡಗಿದವು. ಟೀಕೆ ವ್ಯರ್ಥವಾಗಲಿಲ್ಲ.

ನಮ್ಮ ದೇಶಕ್ಕೂ ಈ ಪ್ರಶ್ನೆಗೂ ನೇರ ಸಂಬಂಧವಿದೆ. ವಿದೇಶಿ ದತ್ತಿನ ಅಕ್ರಮಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಪತ್ರವನ್ನೇ ಅರ್ಜಿಯಾಗಿ ಸ್ವೀಕರಿಸಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ. ಎನ್. ಭಗವತಿ 1984ರಲ್ಲಿ ಕೊಟ್ಟ ತೀರ್ಪು ಮೊದಲ ಆದ್ಯತೆಯನ್ನು ಭಾರತದ ಕುಟುಂಬಕ್ಕೆ ಕೊಟ್ಟಿತು. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ಕಾರಾ, ಹುಟ್ಟಿದ್ದು ಅದರ ಫಲವಾಗಿ. ವಿದೇಶಿ ದತ್ತಿನ ಕುರಿತ 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅಂಗೀಕರಿಸಿತು. 2024-25ರಲ್ಲಿ ಕಾರಾ ಮೂಲಕ ನಡೆದ 4,515 ದತ್ತುಗಳಲ್ಲಿ 4,155 ದೇಶದೊಳಗೇ ಆದವು. ಹೊರಗೆ ಹೋಗುವ ಸಣ್ಣ ಸಂಖ್ಯೆಯಲ್ಲಿ ಕಾಯಿಲೆಯ ಮಕ್ಕಳ ಪಾಲು ದೊಡ್ಡದು. ಕಾರಣ ಬೇರೆ ಹುಡುಕಬೇಕಿಲ್ಲ. ಸಾವಿರಾರು ಭಾರತೀಯ ದಂಪತಿಗಳು ಆರೋಗ್ಯವಂತ ಎಳೆಗೂಸಿಗಾಗಿ ಸರದಿಯಲ್ಲಿ ವರ್ಷಗಟ್ಟಲೆ ನಿಲ್ಲುತ್ತಾರೆ. ಕಾಲು ಸೊಟ್ಟಗಿರುವ, ಕಿವಿ ಕೇಳಿಸದ ಮಗುವಿಗೆ ಸರದಿಯೇ ಇರುವುದಿಲ್ಲ. ವಿದೇಶಿ ದತ್ತನ್ನು ಖಂಡಿಸುವಾಗ ನಾವು ಈ ಸತ್ಯವನ್ನೂ ನೋಡಬೇಕು. ಅಮೆರಿಕದ ಒಬ್ಬ ಬ್ಯಾಪ್ಟಿಸ್ಟ್ ತಾಯಿ 'ಹೌದು' ಎಂದು ಗುರುತು ಹಾಕಿದ ಸಾಲಿನಲ್ಲಿ ನಮ್ಮಲ್ಲಿ ಬಹುತೇಕರು 'ಇಲ್ಲ' ಎಂದು ಹಾಕುತ್ತೇವೆ.

ಭಾರತದ ಕ್ರೈಸ್ತರ ಸ್ಥಿತಿ ಇನ್ನೂ ವಿಚಿತ್ರವಾಗಿತ್ತು. 1956ರ ದತ್ತಕ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ. ಮಂಗಳೂರಿನ ಕಥೋಲಿಕ ದಂಪತಿಯೋ ಧಾರವಾಡದ ಪ್ರಾಟೆಸ್ಟಂಟ್ ದಂಪತಿಯೋ ಅನಾಥ ಮಗುವನ್ನು ಮನೆಗೆ ತಂದರೆ 1890ರ ಕಾಯ್ದೆಯ ಪ್ರಕಾರ ಅವರು ಪಾಲಕರು ಮಾತ್ರ, ತಂದೆತಾಯಿಯಲ್ಲ. ಮಗು ವಯಸ್ಕವಾದಾಗ ಆ ಸಂಬಂಧ ಕಾನೂನಿನ ಕಣ್ಣಿನಲ್ಲಿ ಕೊನೆಗೊಳ್ಳುತ್ತಿತ್ತು. ಬಾಲನ್ಯಾಯ ಕಾಯ್ದೆ 2000ದಲ್ಲಿ ಬಂದು 2006ರಲ್ಲಿ ತಿದ್ದುಪಡಿಯಾದ ಮೇಲೆ ಎಲ್ಲ ಧರ್ಮದವರಿಗೂ ದತ್ತಿನ ಪೂರ್ಣ ಹಕ್ಕು ದಕ್ಕಿತು. 2014ರಲ್ಲಿ ಶಬನಂ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟಪಡಿಸಿತು. ಪೌಲನ ಪತ್ರದಲ್ಲಿ ದತ್ತಿನ ಬಗ್ಗೆ ಕೇಳುತ್ತ ಬೆಳೆದ ನಮ್ಮ ಕ್ರೈಸ್ತರಿಗೆ ಸ್ವಂತ ದೇಶದ ಕಾನೂನು ಅದನ್ನು ಅರ್ಧ ಶತಮಾನ ನಿರಾಕರಿಸಿತ್ತು.

ಚಿಕಿತ್ಸೆ ಹತ್ತಿರವಿದ್ದರೆ ತಾಯಿ ಮಗುವನ್ನು ಬಿಡಬೇಕಿಲ್ಲ ಎಂಬುದಕ್ಕೆ ಕರ್ನಾಟಕದಲ್ಲೇ ಸಾಕ್ಷಿಯಿದೆ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ 2001ರಿಂದ ಹೃದಯದ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡುತ್ತಿದೆ. ದೇವಿ ಶೆಟ್ಟಿಯವರ ನಾರಾಯಣ ಹೃದಯಾಲಯ ಮಕ್ಕಳ ಹೃದಯ ಚಿಕಿತ್ಸೆಯ ವೆಚ್ಚವನ್ನು ಬಹಳಷ್ಟು ಇಳಿಸಿತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡಿ ಸೀಳುತುಟಿ, ಸೊಟ್ಟಗಾಲು, ಹೃದಯದ ತೂತಿಗೆ ಚಿಕಿತ್ಸೆ ಕೊಡಿಸಲಾಗುತ್ತದೆ. ವಿದೇಶಿ ದತ್ತಿನ ಒಂದು ಪ್ರಕರಣಕ್ಕೆ ಆಗುವ ಖರ್ಚಿನಲ್ಲಿ ಎಷ್ಟೋ ತಾಯಂದಿರ ಮಕ್ಕಳಿಗೆ ಇಲ್ಲಿಯೇ ಶಸ್ತ್ರಚಿಕಿತ್ಸೆ ಆಗುತ್ತದೆ. ಹಾಗೆಂದು ಇವತ್ತು ಅನಾಥಾಲಯದ ತೊಟ್ಟಿಲಲ್ಲಿ ಮಲಗಿರುವ, ತಾಯಿ ಯಾರೆಂದೇ ತಿಳಿಯದ ಮಗುವಿಗೆ ಈ ಲೆಕ್ಕ ಹೇಳಿ ಮನೆ ನಿರಾಕರಿಸುವುದು ನನ್ನಿಂದಾಗದು. ಆ ಮಗುವಿಗೆ ಬೇಕಿರುವುದು ನೀತಿಯಲ್ಲ, ಅಪ್ಪ ಅಮ್ಮ. ತಾಯಿಗೆ ನೆರವು ಮೊದಲು ಸಿಗಬೇಕು. ಸಿಗದೆ ಹೋದಲ್ಲಿ ಮಗು ಕಾಯಬಾರದು. ಎರಡನ್ನೂ ಒಟ್ಟಿಗೆ ಹಿಡಿಯದೆ ಬೇರೆ ದಾರಿ ನನಗೆ ಕಾಣುತ್ತಿಲ್ಲ.

ಈ ಚರ್ಚೆಯಲ್ಲಿ ಕೊನೆಗೆ ಬಂದವರು, ಮೊದಲೇ ಬರಬೇಕಿದ್ದವರು, ದತ್ತು ಹೋದ ಮಕ್ಕಳು. ಕೊರಿಯಾದಿಂದ ಹೋದವರು ಈಗ ಐವತ್ತು ಅರವತ್ತು ದಾಟಿದ್ದಾರೆ. ಅವರ ದೂರುಗಳ ಮೇಲೆ ದಕ್ಷಿಣ ಕೊರಿಯಾದ ಸತ್ಯಶೋಧನಾ ಆಯೋಗ 2025ರ ಮಾರ್ಚಿನಲ್ಲಿ ಮಾನವ ಹಕ್ಕು ಉಲ್ಲಂಘನೆಯನ್ನು ದೃಢಪಡಿಸಿತು: ತಾಯಿ ಬದುಕಿದ್ದರೂ ಅನಾಥ ಎಂದು ಬರೆದ ದಾಖಲೆಗಳು, ಒಂದು ಮಗುವಿನ ಹೆಸರಿನಲ್ಲಿ ಇನ್ನೊಂದು ಮಗುವನ್ನು ಕಳಿಸಿದ್ದು. ಅದೇ ವರ್ಷ ಅಕ್ಟೋಬರಿನಲ್ಲಿ ಅಧ್ಯಕ್ಷ ಲೀ ಜೇ ಮ್ಯುಂಗ್ ದೇಶದ ಪರವಾಗಿ ಕ್ಷಮೆ ಕೇಳಿದರು. ದತ್ತು ಬೆಳೆದವರೆಲ್ಲ ಒಂದೇ ಮಾತು ಹೇಳುವುದಿಲ್ಲ. ಸಾಕಿದವರನ್ನೇ ತಂದೆತಾಯಿ ಎಂದು ಮನಸಾರೆ ಕರೆಯುವವರಿದ್ದಾರೆ. ನಿನ್ನನ್ನು ದೇವರು ಕಾಪಾಡಿದ, ಋಣಿಯಾಗಿರು ಎಂದು ಬಾಲ್ಯವೆಲ್ಲ ಕೇಳಿ ಬೇಸತ್ತು ಸಭೆ ಬಿಟ್ಟವರೂ ಇದ್ದಾರೆ. ಶಸ್ತ್ರಚಿಕಿತ್ಸೆಗಳ ನಡುವೆ ಬೆಳೆದವರಿಗೆ ಈ ಋಣದ ಭಾರ ಇನ್ನೂ ಹೆಚ್ಚು, ಜೀವವೇ ಉಳಿದಿದೆ ಎಂಬ ಕಾರಣಕ್ಕೆ. ಇದರಲ್ಲಿ ಅವರ ತಪ್ಪಿಲ್ಲ. ಯಾವ ಮಗುವೂ ತನ್ನ ಚಿಕಿತ್ಸೆಗೆ ಋಣಿಯಾಗಿ ಬೆಳೆಯಬೇಕಿಲ್ಲ.

ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಇಥಿಯೋಪಿಯ 2018ರಲ್ಲಿ ನಿಲ್ಲಿಸಿತು. ನೆದರ್‌ಲ್ಯಾಂಡ್ಸ್ 2024ರಲ್ಲಿ, ವಿದೇಶದಿಂದ ಮಕ್ಕಳನ್ನು ತರುವುದನ್ನು ಹಂತಹಂತವಾಗಿ ಕೊನೆಗೊಳಿಸಲು ನಿರ್ಧರಿಸಿತು. 2004ರಲ್ಲಿ ಅಮೆರಿಕಕ್ಕೆ ಸುಮಾರು 23,000 ಮಕ್ಕಳು ದತ್ತು ಹೋಗಿದ್ದರು. 2023ರಲ್ಲಿ ಹೋದವರು 1,275. ಈಚೆಗೆ ಮಕ್ಕಳನ್ನು ಕಳಿಸುವುದರಲ್ಲಿ ಮುಂಚೂಣಿಯಲ್ಲಿರುವ ದೇಶಗಳು ಕೊಲಂಬಿಯ ಮತ್ತು ಭಾರತ. ಚೀನಾದಲ್ಲಿ ಉಳಿದುಹೋದ ಆ ಕೆಲವು ನೂರು ಮಕ್ಕಳ ಪರವಾಗಿ ಅಮೆರಿಕದ ಸಂಸದರು ದನಿ ಎತ್ತಿದ್ದಾರೆ. ಅಮೆರಿಕದ ವಲಸೆ ಕಾನೂನು ಸಾಮಾನ್ಯವಾಗಿ 16 ವರ್ಷ ದಾಟಿದ ಮಗುವಿನ ದತ್ತನ್ನು ಒಪ್ಪುವುದಿಲ್ಲ. ಕಾಯುತ್ತಿರುವಂತೆಯೇ ಆ ಮಕ್ಕಳಲ್ಲಿ ಕೆಲವರು ವಯಸ್ಸು ಮೀರುತ್ತಿದ್ದಾರೆ.

ಮೊದಲೇ ಹೋದ ಮಕ್ಕಳು ಈಗ ಯುವಕ ಯುವತಿಯರು. ಮದುವೆ, ಬಸಿರು, ಹೊಸ ಕಾಯಿಲೆ ಬಂದಾಗ ವೈದ್ಯರು ಕೇಳುವ ಮೊದಲ ಪ್ರಶ್ನೆ ಕುಟುಂಬದ ಆರೋಗ್ಯ ಚರಿತ್ರೆಯದ್ದು. ಉತ್ತರಕ್ಕಾಗಿ ಅವರು ಡಿಎನ್ಎ ಪರೀಕ್ಷೆ ಮಾಡಿಸುತ್ತಿದ್ದಾರೆ. ಚೀನಾದಲ್ಲೂ ಮಗುವನ್ನು ಹುಡುಕುತ್ತಿರುವ ತಂದೆತಾಯಂದಿರು ತಮ್ಮ ಮಾದರಿ ಕೊಡುತ್ತಿದ್ದಾರೆ. ಹಲವು ದತ್ತು ತಾಯಂದಿರು ಈ ಹುಡುಕಾಟದಲ್ಲಿ ಮಕ್ಕಳ ಜೊತೆ ನಿಂತು, ಅನಾಥಾಲಯವಿದ್ದ ಊರಿಗೆ ಹೋಗಿ ಫೋಟೊ ಅಂಟಿಸಿ, ಸ್ಥಳೀಯರ ನೆರವಿನಿಂದ ಹೆತ್ತವಳನ್ನು ಹುಡುಕುತ್ತಿದ್ದಾರೆ. ಹೆತ್ತವರು ಸಿಕ್ಕ ಮೇಲೆ ಕೆಲವು ದತ್ತು ತಾಯಂದಿರು ಆ ಮನೆಗಳ ಆಸ್ಪತ್ರೆ ಖರ್ಚಿಗೂ ಕೈಜೋಡಿಸಿದ್ದಾರೆ.